ಪುಣೆಯಿಂದ ಶಿಕಾಗೊ: ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ ಹೋಗ್ತಿದ್ದಾರೆ, ಯಾವ ದಾರಿ ಸರಿ?

ಕೋಥ್ರೂಡ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74, ಅಮ್ಮನಿಗೆ 69. ಜುಲೈಯಲ್ಲಿ ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿರುವ ತಂಗಿ ಮನೆಗೆ ಇಬ್ಬರೇ ಹೊರಟಿದ್ದಾರೆ. ಬಿ-2 (ಪ್ರವಾಸಿ) ವೀಸಾ ಕೈಯಲ್ಲಿದೆ, ಟಿಕೆಟ್ ಇನ್ನೂ ತೆಗೆದಿಲ್ಲ. ಅಪ್ಪನಿಗೆ ಶುಗರ್, ರಾತ್ರಿ ಹೊತ್ತು ಇನ್ಸುಲಿನ್. ಅಮ್ಮನಿಗೆ ಮಂಡಿ ನೋವು. ನಿಧಾನಕ್ಕೆ ನಡೆಯುತ್ತಾರೆ, ಆದರೆ ಹದಿನೈದು ನಿಮಿಷ ನಿಂತರೆ ಕಾಲು ಊದುತ್ತದೆ. ಕನ್ನಡ, ಮರಾಠಿ ಬಿಟ್ಟರೆ ಅಮ್ಮನಿಗೆ ಬೇರೆ ಭಾಷೆ ಬರಲ್ಲ.

ನೋಡಿಟ್ಟಿರುವುದು ಎರಡು. ಮುಂಬೈನಿಂದ ಫ್ರಾಂಕ್‌ಫರ್ಟ್ ಮೇಲೆ, ನಡುವೆ 1 ಗಂಟೆ 35 ನಿಮಿಷ. ಇಲ್ಲವೇ ಬೆಳಗಿನ ಜಾವ 4.30ಕ್ಕೆ ಮುಂಬೈ ಬಿಟ್ಟು ಅಬುಧಾಬಿ ಮೇಲೆ, ನಡುವೆ 3 ಗಂಟೆ 40 ನಿಮಿಷ. ಮೊದಲನೆಯದು ಬೇಗ ಮುಟ್ಟುತ್ತದೆ. ಯಾವುದು ತಗೊಳ್ಳಲಿ? ಪುಣೆಯಿಂದ ಎಷ್ಟು ಹೊತ್ತಿಗೆ ಹೊರಡಿಸಲಿ?

ಡೊಂಬಿವಲಿ_ಭಟ್ರು

ಅಬುಧಾಬಿ ತಗೊಳ್ಳಿ, ಯೋಚನೆಯೇ ಬೇಡ. ವಯಸ್ಸಾದವರನ್ನು ಹೈರಾಣ ಮಾಡುವುದು ವಿಮಾನದೊಳಗಿನ ಹದಿನಾಲ್ಕು ಗಂಟೆ ಅಲ್ಲ, ಇಳಿದು ಹತ್ತುವ ಜಾಗಗಳು. ದಾರಿ ಆರಿಸುವಾಗ ಅವನ್ನೇ ಲೆಕ್ಕ ಹಾಕಬೇಕು.

ಫ್ರಾಂಕ್‌ಫರ್ಟ್‌ನ ಆ ಒಂದೂವರೆ ಗಂಟೆ ಕಾಗದದ ಮೇಲಷ್ಟೇ. ವೀಲ್‌ಚೇರ್ ಕೇಳಿದವರನ್ನು ಎಲ್ಲರೂ ಇಳಿದ ಮೇಲೆ ಕೊನೆಗೆ ಇಳಿಸುತ್ತಾರೆ. ಅಲ್ಲಿಗೇ ಅರ್ಧ ಗಂಟೆ ಹೋಯಿತು. ಮುಂದಿನ ವಿಮಾನದ ಗೇಟು ಹೊರಡುವ ಹದಿನೈದು-ಇಪ್ಪತ್ತು ನಿಮಿಷ ಮೊದಲೇ ಮುಚ್ಚುತ್ತದೆ. ಉಳಿದದ್ದರಲ್ಲಿ ಮತ್ತೊಮ್ಮೆ ಸೆಕ್ಯೂರಿಟಿ, ಅಷ್ಟು ದೊಡ್ಡ ಏರ್‌ಪೋರ್ಟ್ ದಾಟುವುದು ಎಲ್ಲ ಆಗಬೇಕು. ಮುಂಬೈಯಿಂದಲೇ ಮುಕ್ಕಾಲು ಗಂಟೆ ತಡವಾದರೆ ಮುಗಿಯಿತು.

ಅಬುಧಾಬಿಯ ದೊಡ್ಡ ಲಾಭ ಬೇರೆ ಇದೆ. 2014ರಿಂದ ಅಲ್ಲಿ ಅಮೆರಿಕದ ಪ್ರೀ-ಕ್ಲಿಯರೆನ್ಸ್ ಇದೆ. ಅಂದರೆ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಬುಧಾಬಿಯಲ್ಲೇ ಮುಗಿಯುತ್ತವೆ. ಹದಿನಾಲ್ಕು-ಹದಿನೈದು ಗಂಟೆ ಕೂತು ಸುಸ್ತಾಗುವ ಮೊದಲೇ ಆ ಪ್ರಶ್ನೋತ್ತರ ಆಗಿಹೋಗುತ್ತದೆ. ಶಿಕಾಗೊದಲ್ಲಿ ದೇಶದೊಳಗಿನ ಪ್ರಯಾಣಿಕರ ಹಾಗೆ ಇಳಿದು, ಬ್ಯಾಗ್ ಎತ್ತಿಕೊಂಡು ಹೊರಬಂದರಾಯಿತು. ಆದರೆ ಅಬುಧಾಬಿಯಲ್ಲಿ ಮತ್ತೆ ಸೆಕ್ಯೂರಿಟಿ ತಪಾಸಣೆ ಇರುತ್ತದೆ, ಕ್ಯೂ ಉದ್ದ. 3 ಗಂಟೆಗಿಂತ ಕಮ್ಮಿ ಅಂತರ ಇಟ್ಟುಕೊಳ್ಳಬಾರದು, ನಿಮ್ಮ 3.40 ಸರಿ ಇದೆ. ಒಳಗೆ ಹೋದ ಮೇಲೆ ತಿನ್ನಲು ಹೆಚ್ಚೇನೂ ಸಿಗಲ್ಲ, ಅಪ್ಪನ ತಿಂಡಿ ಮೊದಲೇ ಮುಗಿಯಲಿ.

ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ನಂಬರ್) ಇರಲಿ. ಕೌಂಟರ್‌ನಲ್ಲಿ ಬ್ಯಾಗಿನ ಟ್ಯಾಗ್ ಮೇಲೆ ಓಆರ್‌ಡಿ ಎಂದು ಬಂದಿದೆಯೇ ಅಂತ ಅಪ್ಪ ಓದಿ ನೋಡಲಿ. ಶಿಕಾಗೊ ಓಹೇರ್‌ನ ಗುರುತು ಅದು.

ವೀಲ್‌ಚೇರ್ ಇಬ್ಬರಿಗೂ ಬೇರೆ ಬೇರೆ ಕೇಳಿ. ಒಬ್ಬರಿಗೆ ಮಾತ್ರ ಕೇಳಿದರೆ ಇನ್ನೊಬ್ಬರು ತಳ್ಳುಗಾಡಿಯ ಹಿಂದೆ ಓಡಬೇಕು, ಒಮ್ಮೊಮ್ಮೆ ಬೇರೆ ಲಿಫ್ಟ್‌ಗೆ ಹೋಗಿ ತಪ್ಪಿಸಿಕೊಳ್ಳುತ್ತಾರೆ. ಕೋಡ್ ಮೂರು: ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲು ಆಗದಿದ್ದರೆ ಡಬ್ಲ್ಯುಸಿಎಚ್‌ಎಸ್, ಸೀಟಿನವರೆಗೂ ಎತ್ತಿಕೊಂಡೇ ಹೋಗಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ಅಮ್ಮನಿಗೆ ಎರಡನೆಯದು ಹಾಕಿಸಿ. ವಿಮಾನ ದೂರ ನಿಂತು ಬಸ್ಸಿನಲ್ಲಿ ಕರೆದೊಯ್ದರೆ ಏಣಿ ಹತ್ತುವುದು ತಪ್ಪುತ್ತದೆ. ಕನಿಷ್ಠ 48 ಗಂಟೆ ಮೊದಲು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ನಡುವೆ ವೀಲ್‌ಚೇರ್‌ನವರನ್ನು ಒಂದು ಕಡೆ ಕೂರಿಸಿ ಹೋಗುತ್ತಾರೆ. ವಿಮಾನ ಬಿಡಲು ಒಂದೂವರೆ ಗಂಟೆ ಇದ್ದಾಗಲೂ ಯಾರೂ ಬರದಿದ್ದರೆ ಎದ್ದು ಹೋಗಿ ಕೇಳಲೇಬೇಕು. ಪಾಸ್‌ಪೋರ್ಟ್ ತಳ್ಳುವವರ ಕೈಗೆ ಕೊಟ್ಟು ಬಿಡುವುದು ಬೇಡ.

ಪುಣೆಯಿಂದ ಸಂಜೆ 6ರೊಳಗೆ ಬಿಡಿ. 150 ಕಿ.ಮೀ. ಚಿಲ್ಲರೆ, ಮಾಮೂಲಿ ದಿನ ನಾಲ್ಕು ಗಂಟೆ ಸಾಕು. ಆದರೆ ಜುಲೈ ಮಳೆಯಲ್ಲಿ ಖಂಡಾಳ ಘಾಟಿನಲ್ಲಿ ಒಂದು ಟ್ರಕ್ ಕೆಟ್ಟು ನಿಂತರೂ ಎರಡು ಗಂಟೆ ಹೋಗುತ್ತದೆ. ಭಾನುವಾರ ಸಂಜೆಯಂತೂ ಬೇಡ, ಲೋಣಾವಳಕ್ಕೆ ಹೋದವರೆಲ್ಲ ವಾಪಸ್ ಮುಂಬೈಗೆ ಬರುತ್ತಿರುತ್ತಾರೆ. ಕಾರ್ ಬುಕ್ ಮಾಡುವಾಗ ಸಿಎನ್‌ಜಿ ಇದೆಯಾ ಕೇಳಿ. ಡಿಕ್ಕಿಯಲ್ಲಿ ಸಿಲಿಂಡರ್ ಕೂತಿದ್ದರೆ 23 ಕಿಲೋದ ನಾಲ್ಕು ಸೂಟ್‌ಕೇಸ್ ಹಿಡಿಸುವುದೇ ಇಲ್ಲ. ಮೇಲೆ ಕ್ಯಾರಿಯರ್‌ಗೆ ಕಟ್ಟಿದರೆ ಮಳೆಗೆ ತಾಡಪತ್ರಿ ಬೇಕು. ಇನ್ನೋವಾ ಸುಲಭ. ಮುಂಬೈ ಏರ್‌ಪೋರ್ಟಿನ ಟಿ-2 ಟರ್ಮಿನಲ್ ಒಳಗೆ ಟಿಕೆಟ್ ಇದ್ದವರಿಗೆ ಮಾತ್ರ ಪ್ರವೇಶ, ನೀವು ಬಾಗಿಲಲ್ಲೇ ನಿಲ್ಲಬೇಕು. ಆದ್ದರಿಂದ ಕಾಗದಗಳ ಫೈಲ್ ಕಾರಿನಲ್ಲೇ ಜೋಡಿಸಿ ಅಪ್ಪನ ಕೈಗೆ ಕೊಡಿ.

ಮಾಟುಂಗಾ_ಔಷಧಿ

ಶುಗರ್ ವಿಷಯ ಬರೀತೀನಿ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ಜುಲೈಯಲ್ಲಿ ಶಿಕಾಗೊ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 9ಕ್ಕೆ ಚುಚ್ಚಿಕೊಳ್ಳುವವರು ಅಲ್ಲಿಯ ರಾತ್ರಿ 9ಕ್ಕೆ ಕಾದರೆ ನಡುವೆ 34 ಗಂಟೆಗೂ ಮೇಲಾಗುತ್ತದೆ. ಗೋಡೆ ಗಡಿಯಾರ ನೋಡದೆ ಹಿಂದಿನ ಡೋಸ್ ಆಗಿ ಎಷ್ಟು ಗಂಟೆ ಆಯಿತು ಅಂತ ಎಣಿಸಬೇಕು. ನಡುವಿನ ಡೋಸ್ ಎಷ್ಟು ಎನ್ನುವುದು ಇನ್ಸುಲಿನ್ ಯಾವುದು ಎಂಬುದರ ಮೇಲೆ ನಿಂತಿದೆ; ಡಾಕ್ಟರ ಹತ್ತಿರ ಭಾರತದ ಸಮಯದಲ್ಲೇ ಬರೆಸಿಕೊಳ್ಳಿ, ಅಪ್ಪ ಕೈಗಡಿಯಾರ ಮನೆ ತಲುಪುವವರೆಗೆ ತಿರುಗಿಸದಿರಲಿ.

ಇನ್ಸುಲಿನ್ ಚೆಕ್-ಇನ್ ಬ್ಯಾಗಿನಲ್ಲಿ ಇಡಲೇಬಾರದು. ಕೆಳಗೆ ಹೆಪ್ಪುಗಟ್ಟಿದರೆ ನೋಡಲು ಹಾಗೇ ಇದ್ದರೂ ಕೆಲಸ ಮಾಡಲ್ಲ. ಹೊಸ ಪೆನ್‌ಗಳನ್ನು ಕೂಲ್ ಪೌಚ್‌ನಲ್ಲಿ, ಬಟ್ಟೆ ಸುತ್ತಿ, ಐಸ್ ಜೆಲ್‌ಗೆ ನೇರ ತಾಗದ ಹಾಗೆ ಕೈಚೀಲದಲ್ಲೇ ಇಡಿ. ದ್ರವಕ್ಕಿರುವ 100 ಮಿ.ಲೀ. ಮಿತಿ ಇದಕ್ಕಿಲ್ಲ, ಡಾಕ್ಟರ ಚೀಟಿ ಜೊತೆಗಿರಬೇಕು ಅಷ್ಟೆ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಲ್ಲ, ಔಷಧದ ಮೂಲ ಹೆಸರು ಇರಲಿ. ಮಾತ್ರೆಗಳು ಸ್ಟ್ರಿಪ್‌ನಲ್ಲೇ ಇರಲಿ. ಅಮೆರಿಕಕ್ಕೆ ಸಾಮಾನ್ಯವಾಗಿ 90 ದಿನಕ್ಕಾಗುವಷ್ಟು ಎನ್ನುವುದು ವಾಡಿಕೆ. ಹೆಚ್ಚು ದಿನ ಇರುವುದಾದರೆ ಎಷ್ಟು ತಿಂಗಳ ಪ್ರವಾಸ ಅಂತ ಡಾಕ್ಟರ ಪತ್ರದಲ್ಲಿ ಬರೆಸಿ.

ಅಮ್ಮನಿಗೆ ಕಂಪ್ರೆಷನ್ ಸಾಕ್ಸ್ (ಕಾಲು ಊದದಂತೆ ಬಿಗಿ ಹಿಡಿಯುವಂಥದ್ದು), ಮೊಣಕಾಲ ಕೆಳಗಿನದು, ಬಿಗಿ 15–20 ಎಂಎಂಎಚ್‌ಜಿ. ಅಳತೆ ಬೆಳಿಗ್ಗೆ ಎದ್ದ ಕೂಡಲೇ ತೆಗೆಯಬೇಕು: ಕಣಕಾಲು ಅತಿ ಸಣ್ಣ ಇರುವಲ್ಲಿ ಒಂದು ಸುತ್ತು, ಮೀನಖಂಡ ಅತಿ ದಪ್ಪ ಇರುವಲ್ಲಿ ಒಂದು ಸುತ್ತು. ಸಂಜೆ ಊದಿದ ಕಾಲಿಗೆ ಅಳತೆ ತೆಗೆದರೆ ಒಂದು ಸೈಜ್ ದೊಡ್ಡದು ಬಂದು, ಸಡಿಲವಾಗಿ ಉಪಯೋಗಕ್ಕೇ ಬರಲ್ಲ. ಮೇಲಿನ ಅಂಚನ್ನು ಮಡಚಬಾರದು, ಮಡಚಿದ ಕಡೆ ಬಿಗಿ ಎರಡರಷ್ಟಾಗುತ್ತದೆ. ಅಪ್ಪನಿಗೆ ಮಾತ್ರ ಕೇಳದೆ ಹಾಕಬೇಡಿ. ಶುಗರ್ ಇರುವವರ ಕಾಲಿನ ರಕ್ತನಾಳ ಕಿರಿದಾಗಿದ್ದರೆ ಈ ಬಿಗಿಯೇ ತೊಂದರೆ. ಸೀಟು ಐಲ್ (ಓಡಾಡುವ ದಾರಿ) ಪಕ್ಕದ್ದು. ತೀರಾ ಮುಂದಿನ ಗೋಡೆ ಸಾಲು ಕಾಲು ಚಾಚಲು ಚೆನ್ನ ಅಂತ ಜನ ಓಡುತ್ತಾರೆ, ಆದರೆ ಅಲ್ಲಿ ಕೂಸುಗಳ ತೊಟ್ಟಿಲು ಸಿಗಿಸುತ್ತಾರೆ, ಕೈಯೊರಗೂ ಮೇಲೇಳಲ್ಲ.

ಕೋಥ್ರೂಡ್_ಕನ್ನಡಿಗ

ಭಟ್ರೇ, ಔಷಧಿಯವರೇ, ತುಂಬಾ ಉಪಕಾರ ಆಯ್ತು. ಅಬುಧಾಬಿಯೇ ಬುಕ್ ಮಾಡ್ತೀನಿ. ಅಪ್ಪನಿಗೆ ಡಯಾಬಿಟಿಕ್ ಊಟ ಹಾಕಿಸ್ತೀನಿ. ಅಮ್ಮ ಚಟ್ನಿಪುಡಿ, ಕೊಬ್ಬರಿ, ಗಸಗಸೆ, ಕರಿಬೇವು ಎಲ್ಲ ಕಟ್ಟಿಡೋಕೆ ಶುರು ಮಾಡಿದ್ದಾರೆ. ತೊಂದರೆ ಇಲ್ಲ ತಾನೆ?

ವಾಸ್ಕೋ_ಹುಡುಗ

ಗಸಗಸೆ ಬ್ಯಾಡ್ರೀ ಅಣ್ಣಾ! ಯುಎಇದಾಗ ಅದು ನಿಷೇಧ, ಮಾದಕ ವಸ್ತು ಲೆಕ್ಕಕ್ಕ ಬರ್ತದ. ವಿಮಾನ ಬದಲಿ ಮಾಡೋದಷ್ಟ ಅಂತ ಅನ್ಕೋಬ್ಯಾಡ್ರಿ. ಗಸಗಸೆ ಹಾಕಿದ ಮಸಾಲಿಪುಡಿನೂ ಮನ್ಯಾಗ ಇಟ್ಟು ಹೋಗ್ಲಿ.

ಮುಲುಂಡ್_ಶೆಟ್ರು

ಕೊಬ್ಬರಿಯೂ ಬೇಡ. ಎಣ್ಣೆ ಅಂಶ ಜಾಸ್ತಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಸರಕು ಅಂತ ಮುಂಬೈಯಲ್ಲೇ ಬ್ಯಾಗ್ ತೆರೆಸಿ ತೆಗೆಸುತ್ತಾರೆ. ಪೂಜೆಗೆ ಅಂತ ಇಡುವ ಕರ್ಪೂರ, ಬೆಂಕಿಪೊಟ್ಟಣ ಕೂಡ ಅದೇ ಸಾಲು. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.

ಕರಿಬೇವು, ಹಣ್ಣು, ಬೀಜ, ಅಕ್ಕಿ ಅಮೆರಿಕದಲ್ಲಿ ನಡೆಯಲ್ಲ. ಚಟ್ನಿಪುಡಿ, ಸಾಂಬಾರ್ ಪುಡಿ ನಡೆಯುತ್ತವೆ. ಆದರೆ 350 ಮಿ.ಲೀ.ಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ಬೇರೆ ತಪಾಸಣೆಗೆ ಎಳೆಯುತ್ತಾರೆ, ಅಬುಧಾಬಿಯಲ್ಲಿ ಅದಕ್ಕೆಲ್ಲ ಅವರಿಗೆ ಸಮಯ ಇರಲ್ಲ. ಎಲ್ಲ ಪುಡಿ ಸೂಟ್‌ಕೇಸಿಗೆ, ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ ಹೆಸರು. ಊಟದ ಪದಾರ್ಥ ಇದೆಯೇ ಅಂದರೆ ಇದೆ ಅನ್ನಬೇಕು. ಹೇಳಿ ತೋರಿಸಿದ್ದನ್ನು ಹೆಚ್ಚೆಂದರೆ ಎಸೆಯುತ್ತಾರೆ. ಮುಚ್ಚಿಟ್ಟು ಸಿಕ್ಕರೆ ಮೊದಲ ಸಲಕ್ಕೇ 1,000 ಡಾಲರ್‌ವರೆಗೆ ದಂಡ ಹಾಕಬಹುದು.

ಡಯಾಬಿಟಿಕ್ ಊಟದಲ್ಲಿ ಒಂದು ಎಡವಟ್ಟಿದೆ. ಅದರ ಕೋಡ್ ಡಿಬಿಎಂಎಲ್ ಅಂದರೆ ಸಕ್ಕರೆ ಕಮ್ಮಿ ಅಂತಷ್ಟೇ, ಸಸ್ಯಾಹಾರ ಅಂತಲ್ಲ; ಕೋಳಿ, ಮೀನು ಬರಬಹುದು. ಸಸ್ಯಾಹಾರಿಗಳಾದರೆ ಎವಿಎಂಎಲ್ (ಏಷ್ಯನ್ ವೆಜಿಟೇರಿಯನ್ ಊಟ) ಹಾಕಿಸಿ, ಸಿಹಿಯನ್ನು ಬದಿಗಿಡಲಿ. ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು ಬೇಕಾದರೆ ವಿಜೆಎಂಎಲ್ (ಜೈನ ಊಟ). ಎರಡೂ ವಿಮಾನಗಳಿಗೆ ಬೇರೆ ಬೇರೆಯಾಗಿ ದಾಖಲಾಗಿದೆಯೇ ನೋಡಿ. ಚಪಾತಿ, ಖಾಕ್ರಾ ಜೊತೆಗಿರಲಿ, ಅಬುಧಾಬಿಯೊಳಗೆ ತಿಂದು ಮುಗಿಸಲಿ.

ಇನ್ನೊಂದು: ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದೆಯಾ? ನಮ್ಮ ಕಡೆ ಬಹಳ ಜನರಿಗೆ ಹಾಗೇ ಇರುತ್ತದೆ. ಆಗ ಅಮೆರಿಕದ ವೀಸಾದಲ್ಲಿ ಇರುವ ಹೆಸರನ್ನೇ ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಹೊಡೆಯುತ್ತಾರೆ. ಟಿಕೆಟ್ ತೆಗೆಯುವ ಮೊದಲೇ ಏರ್‌ಲೈನ್‌ಗೆ ಫೋನ್ ಮಾಡಿ ಹೆಸರು ಹೇಗೆ ಹಾಕಬೇಕು ಕೇಳಿಕೊಳ್ಳಿ, ಆಮೇಲೆ ತಿದ್ದಿಸಲು ದುಡ್ಡು ಹೋಗುತ್ತದೆ. ಮುಟ್ಟಿದ ದಿನವೇ ತಂಗಿ ಆನ್‌ಲೈನ್‌ನಲ್ಲಿ ಐ-94 (ಅಮೆರಿಕ ಪ್ರವೇಶದ ದಾಖಲೆ) ತೆಗೆದು ನೋಡಲಿ. ಅಲ್ಲಿರಬಹುದಾದ ಕೊನೆ ದಿನ ಅದರಲ್ಲಿರುತ್ತದೆ, ವೀಸಾ ಮೇಲಿನ ತಾರೀಖು ಅಲ್ಲ. ಹುಡುಕುವಾಗ ಮೊದಲ ಹೆಸರಿನ ಕಡೆ ಎಫ್‌ಎನ್‌ಯು ಅಂತಲೇ ಟೈಪ್ ಮಾಡಬೇಕು, ಇಲ್ಲದಿದ್ದರೆ ದಾಖಲೆಯೇ ಇಲ್ಲ ಅಂತ ತೋರಿಸುತ್ತದೆ.