ಶಿವಮೊಗ್ಗದ ಪಿನ್‌ಕೋಡ್ 577201 ಅವಿಭಾಜ್ಯ ಸಂಖ್ಯೆನಾ?

ಪ್ರಶ್ನೆ (ಶಿವಮೊಗ್ಗದಿಂದ): ಮೇಡಂ, ಮಗಳು ಒಂಬತ್ತನೇ ಕ್ಲಾಸು. ಕೊರಿಯರ್ ಕವರ್ ಮೇಲಿದ್ದ 577201 ನೋಡಿ ಇದು ಅವಿಭಾಜ್ಯ ಸಂಖ್ಯೆ ಅಂತ ಹಟ ಹಿಡಿದಿದ್ದಾಳೆ. 2, 3, 5, 7, 11, 13 ಎಲ್ಲದರಿಂದಲೂ ಭಾಗಿಸಿದ್ದಾಳೆ, ಶೇಷ ಉಳಿಯುತ್ತದೆ. ಅಷ್ಟು ನೋಡಿದರೆ ಸಾಕಾ?

ಉತ್ತರ (ಗಣಿತ ಉಪನ್ಯಾಸಕಿ, ಸಾಗರ): ಸಾಲದು. ಅವಳು ನಿಲ್ಲಿಸಿದ 13ರಲ್ಲಿ ಶೇಷ 1 ಬರುತ್ತದೆ, ಮುಂದಿನ 17ರಲ್ಲಿ ಸೊನ್ನೆ! ಭಾಗಲಬ್ಧ 33953.

ಎಲ್ಲಿವರೆಗೆ ನೋಡಬೇಕು ಅಂದರೆ ವರ್ಗಮೂಲದವರೆಗೆ. ಇಲ್ಲಿ ಅದು 759 ಚಿಲ್ಲರೆ. ಎರಡು ಅಪವರ್ತನಗಳೂ ಅದನ್ನು ದಾಟಿದರೆ ಗುಣಲಬ್ಧವೇ 577201ಕ್ಕಿಂತ ಜಾಸ್ತಿ ಆಗಿಬಿಡುತ್ತದೆ, ಅಲ್ವಾ? 759ರೊಳಗೆ 134 ಅವಿಭಾಜ್ಯಗಳಿವೆ, ಆದರೆ ಹೆದರಬೇಡಿ, ಒಂದು ಸಿಕ್ಕಿದ ಕೂಡಲೇ ಕೆಲಸ ತುಂಬಾ ಇಳಿಯುತ್ತದೆ. 33953ಕ್ಕೆ 184ರವರೆಗೆ ನೋಡಿದರೆ ಸಾಕು. ಅದು 19ರಲ್ಲಿ ಹೋಗಿ 1787 ಉಳಿಯುತ್ತದೆ. ಅದಕ್ಕೆ 42ರವರೆಗೆ ನೋಡಿ, ಯಾವುದರಲ್ಲೂ ಹೋಗುವುದಿಲ್ಲ.

577201 = 17 × 19 × 1787.

ಮೊಬೈಲಲ್ಲಿ ಒತ್ತಿದರೆ ಉತ್ತರ ಸುಮ್ನೆ ಬರುತ್ತದೆ. ದಯವಿಟ್ಟು ಒಮ್ಮೆ ಅವಳ ಕೈಯಲ್ಲೇ ಮಾಡಿಸಿ.

ಪ್ರಶ್ನೆ: ಹೀಗೆ ಮೂರಾಗಿ ಒಡೆಯುವ ಸಂಖ್ಯೆಗೆ ಹೆಸರಿದೆಯಾ?

ಉತ್ತರ: ಇದೆ, ಸ್ಫೆನಿಕ್ ಸಂಖ್ಯೆ. ಮೂರು ಬೇರೆ ಬೇರೆ ಅವಿಭಾಜ್ಯಗಳು, ಒಂದೊಂದೂ ಒಂದೇ ಸಲ ಬರಬೇಕು. ಎಲ್ಲಕ್ಕಿಂತ ಚಿಕ್ಕದು 30, ಅಂದರೆ 2 × 3 × 5. ಇಂಥ ಸಂಖ್ಯೆಗೆ ಯಾವಾಗಲೂ ಎಂಟೇ ಅಪವರ್ತನಗಳು. ನಮ್ಮದಕ್ಕೆ 1, 17, 19, 323, 1787, 30379, 33953, ಜೊತೆಗೆ ಅದೇ ಸಂಖ್ಯೆ. ಅದನ್ನು ಬಿಟ್ಟು ಉಳಿದ ಏಳನ್ನೂ ಕೂಡಿದರೆ ಬರೀ 66479. 28ರಂಥ ಪರಿಪೂರ್ಣ ಸಂಖ್ಯೆಯಲ್ಲಿ ಹೀಗೆ ಕೂಡಿದರೆ ಅದೇ ಸಂಖ್ಯೆ ಬರುತ್ತದೆ. ಇಲ್ಲಿ ತುಂಬಾ ಕಡಿಮೆ ಬಿದ್ದಿದೆ, ಹಾಗಾಗಿ ಇದು ನ್ಯೂನ ಸಂಖ್ಯೆ.

ನನಗೆ ಇದರಲ್ಲಿ ಬಹಳ ಇಷ್ಟವಾಗಿದ್ದು ಬೇರೆ. 17 ಮತ್ತು 19 ಅವಳಿ ಅವಿಭಾಜ್ಯಗಳು, ನಡುವೆ ಎರಡರ ಅಂತರ ಅಷ್ಟೆ. 1787ಕ್ಕೂ ಒಂದು ಅವಳಿ ಇದೆ, 1789. ಮೂರಕ್ಕೂ ಜೋಡಿ ಇದೆ ನೋಡಿ!

ಪ್ರಶ್ನೆ (ಭದ್ರಾವತಿ): ನಮ್ಮ 577301?

ಉತ್ತರ: ಅದೂ ಸ್ಫೆನಿಕ್ಕೇ, 47 × 71 × 173. ನಮ್ಮ ಸಾಗರದ 577401 ಕೂಡ, 3 × 11 × 17497. ಮೂರು ಊರಿಗೂ ಹೀಗೇ ಬಂದಾಗ ನನಗೂ ಖುಷಿಯಾಗಿ ಇನ್ನೊಮ್ಮೆ ಗುಣಿಸಿ ನೋಡಿದೆ, ಸರಿಯಾಗಿದೆ.

ಪ್ರಶ್ನೆ (ತೀರ್ಥಹಳ್ಳಿ): 577432 ಬಿಟ್ಟುಬಿಟ್ರಲ್ಲ ಮೇಡಂ.

ಉತ್ತರ: ಅದು ಈ ಗುಂಪಿಗೆ ಸೇರುವುದಿಲ್ಲ. ಕೊನೆಯ ಮೂರಂಕಿ 432, ಅದು 8ರಲ್ಲಿ ಹೋಗುತ್ತದೆ, ಹಾಗಾಗಿ ಇಡೀ ಸಂಖ್ಯೆಯೂ ಹೋಗುತ್ತದೆ. ಅಂದರೆ 2 ಮೂರು ಸಲ ಬಂತು. ಪೂರ್ತಿ ಒಡೆದರೆ 8 × 89 × 811.