ಸಹಾಯ ಬೇಕು: ಕೊಲರಾಡೋದ ಎಐ ಕಾನೂನು ಮತ್ತು ಬಾಡಿಗೆ ಮನೆಯ ಅರ್ಜಿ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್‌ನಲ್ಲಿರುವ ನನ್ನ ತಂಗಿಯ ಕುಟುಂಬದ ಬಾಡಿಗೆ ಮನೆಯ ಅರ್ಜಿಯು, ಅರ್ಜಿದಾರರಿಗೆ ಅಂಕ ನೀಡುವ ತಂತ್ರಾಂಶವೊಂದರ ವರದಿಯ ಆಧಾರದ ಮೇಲೆ ತಿರಸ್ಕೃತವಾಗಿದೆ. ಕಾರಣ ಕೇಳಿದರೆ ಅಂಕ ಕಡಿಮೆಯಿದೆ ಎಂಬುದಷ್ಟೇ ಉತ್ತರ. ಅಮೆರಿಕದಲ್ಲಿ ಹಳೆಯ ಸಾಲದ ಚರಿತ್ರೆಯೇ ಇಲ್ಲದ ಹೊಸಬರಿಗೆ ಇದು ನಿಜಕ್ಕೂ ಅನ್ಯಾಯವೆಂದು ನನ್ನ ಭಾವನೆ.

ಗವರ್ನರ್ ಜೇರೆಡ್ ಪೋಲಿಸ್ 2024ರ ಮೇ ತಿಂಗಳಲ್ಲಿ ಸಹಿ ಹಾಕಿದ ಕೊಲರಾಡೋದ ಎಐ ಕಾನೂನು, ಉದ್ಯೋಗ, ಸಾಲ, ವಿಮೆ, ಆರೋಗ್ಯ, ವಸತಿ ಮುಂತಾದ ವಿಷಯಗಳಲ್ಲಿ ನಿರ್ಣಾಯಕ ಪಾತ್ರ ವಹಿಸುವ ವ್ಯವಸ್ಥೆಗಳನ್ನು ಅಧಿಕ ಅಪಾಯದವೆಂದು ಗುರುತಿಸಿತು. ನಿರ್ಧಾರ ಪ್ರತಿಕೂಲವಾದಾಗ ಕಾರಣ ತಿಳಿಸಬೇಕು, ತಪ್ಪು ಮಾಹಿತಿ ತಿದ್ದಲು ಅವಕಾಶ ಕೊಡಬೇಕು, ಸಾಧ್ಯವಿರುವಲ್ಲಿ ಮನುಷ್ಯರೇ ಮರುಪರಿಶೀಲಿಸಬೇಕು ಎಂದೂ ಅದು ವಿಧಿಸಿತು. ಆದರೆ 2026ರ ಫೆಬ್ರವರಿ 1ರಿಂದ ಜಾರಿಯಾಗಬೇಕಿದ್ದ ಅದನ್ನು 2025ರ ಆಗಸ್ಟ್‌ನ ವಿಶೇಷ ಅಧಿವೇಶನದಲ್ಲಿ 2026ರ ಜೂನ್ 30ಕ್ಕೆ ಮುಂದೂಡಲಾಯಿತು. ಅಲ್ಲದೆ, ಅದರಡಿ ಕ್ರಮ ಕೈಗೊಳ್ಳುವ ಅಧಿಕಾರವನ್ನು ರಾಜ್ಯದ ಅಟಾರ್ನಿ ಜನರಲ್ ಅವರಿಗೆ ಮಾತ್ರ ನೀಡಲಾಗಿತ್ತು. ತೊಂದರೆಗೊಳಗಾದವರು ನೇರವಾಗಿ ದಾವೆ ಹೂಡುವಂತಿರಲಿಲ್ಲ.

ಹೀಗಾಗಿ ನಾವು ಸದ್ಯಕ್ಕೆ ನೆಚ್ಚಿಕೊಂಡಿರುವುದು ಇಂತಹ ವರದಿಗಳಿಗೆ ಅನ್ವಯಿಸುವ, ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಎಂಬ ಹಳೆಯ ಒಕ್ಕೂಟ (ಫೆಡರಲ್) ಕಾನೂನನ್ನು. ಅರ್ಜಿ ತಿರಸ್ಕರಿಸಿದವರು ವರದಿ ಕೊಟ್ಟ ಸಂಸ್ಥೆಯ ಹೆಸರು ತಿಳಿಸಬೇಕು. 60 ದಿನಗಳೊಳಗೆ ಕೇಳಿದರೆ ಆ ಸಂಸ್ಥೆ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಇಂತಹ ವರದಿಯಲ್ಲಿನ ತಪ್ಪನ್ನು ತಿದ್ದಿಸಿಕೊಂಡವರು, ಅಥವಾ ಕೊಲರಾಡೋದಲ್ಲಿ ಬಾಡಿಗೆದಾರರ ಪರವಾಗಿ ಕೆಲಸ ಮಾಡುವ ವಕೀಲರು ಗುಂಪಿನಲ್ಲಿದ್ದರೆ ದಯವಿಟ್ಟು ತಿಳಿಸಿ. ಆಕ್ಷೇಪಣಾ ಪತ್ರದಲ್ಲಿ ಯಾವ ದಾಖಲೆಗಳನ್ನು ಲಗತ್ತಿಸಬೇಕು, ಅಟಾರ್ನಿ ಜನರಲ್ ಕಚೇರಿಗೆ ಈಗಲೇ ದೂರು ಕೊಡುವುದು ಉಪಯುಕ್ತವೇ ಎಂಬುದು ಮುಖ್ಯವಾಗಿ ಬೇಕಾಗಿದೆ.