ಸಹಾಯ ಬೇಕು: ಅಮ್ಮನ ದಾಸವಾಳದ ಕಡ್ಡಿ ಬೇರು ಬಿಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಾಡಿಗೆ ಮನೆ ನಮ್ಮದು. ಅಂಗಳವಿಲ್ಲ, ಬಾಲ್ಕನಿಯೂ ಇಲ್ಲ. ಇರುವುದು ಅಡುಗೆಮನೆಯ ಪೂರ್ವದ ಕಿಟಕಿ, ಅದರ ಕಟ್ಟೆ 2 ಅಡಿ ಉದ್ದ.

ಚನ್ನಗಿರಿ ಕಡೆಯ ನಮ್ಮ ಊರಮನೆ ಮಾರಾಟವಾಗುತ್ತಿದೆ. ಅಲ್ಲಿ ಅಮ್ಮ ನೆಟ್ಟ ಕೆಂಪು ದಾಸವಾಳ, ದುಂಡುಮಲ್ಲಿಗೆ ಇವೆ. ಗಿಡ ಕಿತ್ತು ತಂದರೂ ಇಡಲು ಜಾಗ ಬೇಕಲ್ವಾ? ಅದಕ್ಕೆ ಕಡ್ಡಿ ತಂದೆ.

ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಮರಳು ಸಮ ಬೆರೆಸಿ, ತೂತು ಮಾಡಿದ ಲೋಟಗಳಲ್ಲಿ ನೆಟ್ಟು ಪ್ಲಾಸ್ಟಿಕ್ ಕವರ್ ಮುಚ್ಚಿದೆ. 15 ದಿನಕ್ಕೆ ದಾಸವಾಳ ಚಿಗುರಿತು. ಎಷ್ಟು ಖುಷಿಯಾಯಿತು! ಆದರೆ ಮೆಲ್ಲಗೆ ಎಳೆದು ನೋಡಿದರೆ ಬೇರೇ ಇಲ್ಲ. ಕಡ್ಡಿಯೊಳಗೆ ಉಳಿದ ಶಕ್ತಿಯಲ್ಲೇ ಚಿಗುರು ಬರುತ್ತದಂತೆ. ಆಮೇಲೆ ಎಲೆ ಬಾಡಿತು. ಮಲ್ಲಿಗೆಯ ಬುಡ ಕಪ್ಪಾಗಿ ಕೊಳೆತೇ ಹೋಯಿತು. ನೀರು ಜಾಸ್ತಿಯಾಯಿತು ಅನಿಸುತ್ತದೆ.

ಕವರ್ ದಿನಕ್ಕೆ ಎಷ್ಟು ಹೊತ್ತು ತೆಗೆದಿಡಬೇಕು? ಬೇರು ಬರಿಸುವ ಪುಡಿ ಹಚ್ಚಲೇಬೇಕಾ? ಮಲ್ಲಿಗೆಗೆ ಎಳೆ ಕಡ್ಡಿ ಒಳ್ಳೆಯದಾ, ಬಲಿತದ್ದಾ? ಮನೆಯೊಳಗೇ ಬೆಳೆಸಿದವರು ದಯವಿಟ್ಟು ಹೇಳಿ. ಮುಂದಿನ ಭಾನುವಾರ ಕೊನೆಯ ಸಲ ಊರಿಗೆ ಹೋಗುತ್ತಿದ್ದೇನೆ. ಆಮೇಲೆ ಆ ಗಿಡ ನಮಗೆ ಸಿಗುವುದಿಲ್ಲ.